ಲಕ್ಷಾಂತರ ಜನ ಬೀದಿಗಿಳಿದರೂ ಕೆಲವು ಸರ್ಕಾರಗಳು ಯಾಕೆ ಬೀಳುವುದಿಲ್ಲ?

ಓದುಗರ ಪ್ರಶ್ನೆ: 2011ರಲ್ಲಿ ಟುನೀಷಿಯಾದ ಅಧ್ಯಕ್ಷರು ಪ್ರತಿಭಟನೆ ಶುರುವಾದ ಒಂದೇ ತಿಂಗಳಲ್ಲಿ ದೇಶ ಬಿಟ್ಟು ಓಡಿದರು. ಆದರೆ 2020ರಲ್ಲಿ ಬೆಲಾರೂಸಿನ ಜನ ವಾರಗಟ್ಟಲೆ ಬೀದಿಯಲ್ಲಿದ್ದರೂ ಅಧ್ಯಕ್ಷ ಲುಕಶೆಂಕೊ ಕುರ್ಚಿ ಬಿಡಲಿಲ್ಲ. 2022ರಲ್ಲಿ ಇರಾನಿನಲ್ಲೂ ಹಾಗೇ ಆಯಿತು. ಜನ ಒಟ್ಟಾದರೆ ಯಾವ ಸರ್ವಾಧಿಕಾರಿಯೂ ನಿಲ್ಲಲಾರ ಅಂತ ಓದಿಕೊಂಡು ಬೆಳೆದವನು ನಾನು. ಹಾಗಾದರೆ ಈ ವ್ಯತ್ಯಾಸ ಯಾಕೆ? ಉಳಿದುಕೊಳ್ಳುವ ಸರ್ಕಾರದ ಎದುರು ಪ್ರತಿಭಟಿಸಿ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಜನ ಒಟ್ಟಾಗಿ ಬೀದಿಗಿಳಿಯುವುದು ಸಣ್ಣ ಮಾತಲ್ಲ. ಆದರೆ ಬೀದಿಯ ಲೆಕ್ಕ ಅರ್ಧ ಲೆಕ್ಕ ಮಾತ್ರ. ಉಳಿದರ್ಧ ಎದುರಿಗೆ ನಿಂತ ಪಡೆಯಲ್ಲಿರುತ್ತದೆ. ಗುಂಡು ಹಾರಿಸಿ ಅಂತ ಆದೇಶ ಬಂದಾಗ ಅವರು ಏನು ಮಾಡುತ್ತಾರೆ? ಸರ್ಕಾರದ ಅಳಿವು ಉಳಿವನ್ನು ಇದರಷ್ಟು ನಿರ್ಧರಿಸುವ ಸಂಗತಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆ ತೀರ್ಮಾನ ಬಹಳಷ್ಟು ಸಲ ಆ ಸಂಜೆ ಚೌಕದಲ್ಲಿ ಹುಟ್ಟಿದ್ದೂ ಆಗಿರುವುದಿಲ್ಲ. ಸೈನಿಕನನ್ನು ಎಲ್ಲಿಂದ ಆರಿಸಿದರು, ಅವನ ಮನೆ ಯಾರ ದುಡ್ಡಿನಲ್ಲಿ ನಡೆಯುತ್ತದೆ, ಸರ್ಕಾರ ಬಿದ್ದರೆ ಮಾರನೇ ದಿನ ಅವನ ಗತಿಯೇನು, ಇವೆಲ್ಲ ವರ್ಷಗಳ ಹಿಂದೆಯೇ ಗಟ್ಟಿಯಾಗಿರುತ್ತವೆ.

ಮೊದಲು ಸಂಖ್ಯೆಯ ವಿಷಯ ಮುಗಿಸಿಬಿಡೋಣ. ದೇಶದ ಶೇ. 3.5ರಷ್ಟು ಜನ ಬೀದಿಗೆ ಬಂದರೆ ಸರ್ಕಾರ ನಿಲ್ಲುವುದಿಲ್ಲ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಹಿಂದಿನ ನೂರಾರು ಚಳವಳಿಗಳನ್ನು ಅಭ್ಯಾಸ ಮಾಡಿದವರು ಕಂಡ ಒಲವು ಅದು. ಮುಂದಕ್ಕೆ ಭರವಸೆ ಕೊಡುವ ಸೂತ್ರ ಅಂತ ಅದನ್ನು ಓದಬಾರದು. ಬಹ್ರೇನನ್ನೇ ನೋಡಿ. 2011ರಲ್ಲಿ ಅಲ್ಲಿನ ಸ್ವಂತ ಪ್ರಜೆಗಳ ಸಂಖ್ಯೆ 6 ಲಕ್ಷವೂ ಇರಲಿಲ್ಲ. ಫೆಬ್ರುವರಿಯ ದೊಡ್ಡ ಮೆರವಣಿಗೆಗಳಿಗೆ 1 ಲಕ್ಷದಷ್ಟು ಜನ ಬಂದಿದ್ದರು ಅನ್ನುವ ಅಂದಾಜಿದೆ. ಪ್ರಮಾಣದಲ್ಲಿ ನೋಡಿದರೆ ಇಷ್ಟು ದೊಡ್ಡ ಪ್ರತಿಭಟನೆ ಜಗತ್ತಿನಲ್ಲಿ ಅಪರೂಪ. ಆದರೂ ರಾಜಮನೆತನ ಉಳಿಯಿತು. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು 1989ರ ಎರಡು ನಗರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಈ ವಿಷಯದಲ್ಲಿ ಅಷ್ಟು ಕಲಿಸುವ ಜೋಡಿ ಬೇರೆ ಸಿಗುವುದು ಕಷ್ಟ.

ಮೊದಲನೆಯದು ಪೂರ್ವ ಜರ್ಮನಿಯ ಲೈಪ್‌ಜಿಗ್. ಅಕ್ಟೋಬರ್ 9, ಸೋಮವಾರ. ನಿಕೊಲಾಯ್ ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು ಜನ ಮೆರವಣಿಗೆ ಹೊರಡುವುದು ಆ ಹೊತ್ತಿಗೆ ರೂಢಿಯಾಗಿತ್ತು. ಆ ದಿನ ರಕ್ತಪಾತ ಖಂಡಿತ ಅಂತ ಇಡೀ ಊರು ನಂಬಿತ್ತು. ಆಸ್ಪತ್ರೆಗಳಲ್ಲಿ ಹೆಚ್ಚುವರಿ ರಕ್ತ ತಂದಿಟ್ಟಿದ್ದರು, ಹಾಸಿಗೆ ಖಾಲಿ ಮಾಡಿಸಿದ್ದರು. ಸಂಜೆ ಬಂದವರು ಸುಮಾರು 70 ಸಾವಿರ ಜನ. ಪೊಲೀಸರು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಜಾಸ್ತಿ. ಆಳುವ ಕಮ್ಯುನಿಸ್ಟ್ ಪಕ್ಷದ ಸ್ಥಳೀಯ ಹೊಣೆ ಹೊತ್ತಿದ್ದ ಹೆಲ್ಮುಟ್ ಹ್ಯಾಕೆನ್‌ಬರ್ಗ್ ಬರ್ಲಿನ್ನಿಗೆ ಫೋನ್ ಮಾಡಿ, ಏನು ಮಾಡಲಿ ಅಂತ ಕೇಳಿದರು. ಪಕ್ಷದ ಮೇಲಿನ ನಾಯಕರಲ್ಲೊಬ್ಬರಾದ ಎಗಾನ್ ಕ್ರೆಂಟ್ಸ್ ಆಮೇಲೆ ಹೇಳುತ್ತೇನೆ ಅಂದರು. ಆ ಫೋನ್ ಬರುವ ಹೊತ್ತಿಗೆ ಜನ ನಗರದ ವರ್ತುಲ ರಸ್ತೆಯಲ್ಲಿ ಮುಂದೆ ಸಾಗಿಬಿಟ್ಟಿದ್ದರು. ಹ್ಯಾಕೆನ್‌ಬರ್ಗ್ ಅಷ್ಟರಲ್ಲೇ ಪಡೆಗಳನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರಿದ್ದರು. ಅವರು ಬ್ಯಾರಕ್ಕು ಬಿಟ್ಟು ಹೊರಗೆ ಬರಲಿಲ್ಲ. ಒಂಬತ್ತು ದಿನಕ್ಕೆ ದೇಶದ ನಾಯಕ ಹೊನೆಕರ್ ರಾಜೀನಾಮೆ. ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆ ತೆರೆಯಿತು.

ಇದಕ್ಕೆ ನಾಲ್ಕು ತಿಂಗಳು ಮೊದಲು, ಟಿಯಾನನ್‌ಮೆನ್ ಚೌಕದ ಪ್ರತಿಭಟನೆಯ ಹೊತ್ತಿನ ಬೀಜಿಂಗ್. ಅಲ್ಲೂ ಆದೇಶ ಒಪ್ಪದವರಿದ್ದರು. ರಾಜಧಾನಿಯ ಹತ್ತಿರವೇ ನೆಲೆಯಿದ್ದ 38ನೇ ಸೇನೆಯ ದಂಡನಾಯಕ ಶೂ ಚಿನ್‌ಶ್ಯಾನ್, ಜನರ ಮೇಲೆ ಪಡೆ ನಡೆಸಲಾರೆ ಅಂದರು. ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಐದು ವರ್ಷ ಜೈಲಿಗೆ ಹಾಕಿದರು. ಅವರ ಸೇನೆ ಮಾತ್ರ ಬೇರೆಯವರ ಕೈಕೆಳಗೆ ಬೀಜಿಂಗಿಗೆ ಬಂತು. ಮೇ 20ರಂದು ಸೇನಾ ಕಾನೂನು ಹೇರಿದಾಗ ಮೊದಲ ಸಲ ಪಡೆಗಳು ನಗರದೊಳಕ್ಕೆ ಬರಲು ನೋಡಿದವು. ಸಾಮಾನ್ಯ ಜನ ಲಾರಿಗಳನ್ನು ಸುತ್ತುವರಿದರು. ಸೈನಿಕರಿಗೆ ಊಟ ಕೊಟ್ಟರು, ನೀರು ಕೊಟ್ಟರು, ನಿಂತು ಮಾತಾಡಿಸಿದರು. ಪಡೆ ವಾಪಸ್ ಹೋಯಿತು.

ಅಲ್ಲಿಗೆ ಗೆದ್ದಂತೆ ಕಾಣುತ್ತದೆ, ಅಲ್ವಾ? ಆದರೆ ಸರ್ಕಾರ ಆ ಸೋಲಿನಿಂದ ಕಲಿಯಿತು. ಸೈನಿಕರನ್ನು ನಗರದ ಹೊರಗೆ ಇರಿಸಿ, ಇದು ದೇಶದ್ರೋಹಿಗಳ ದಂಗೆ ಅಂತ ದಿನವೂ ಪಾಠ ಹೇಳಿದರು. ಬೇರೆ ಬೇರೆ ಸೇನಾ ಪ್ರಾಂತ್ಯಗಳಿಂದ ಪಡೆಗಳನ್ನು ಕರೆಸಿದರು. ಯಾವ ಒಂದು ತುಕಡಿ ಆದೇಶ ಒಪ್ಪದಿದ್ದರೂ ಪಕ್ಕದಲ್ಲಿ ಇನ್ನೊಂದು ಇರುವ ಏರ್ಪಾಡು ಅದು. ಪಕ್ಷದ ಒಳಗೆ ಬಲಪ್ರಯೋಗಕ್ಕೆ ಒಪ್ಪದ ಪ್ರಧಾನ ಕಾರ್ಯದರ್ಶಿ ಝಾವೊ ಝಿಯಾಂಗ್ ಅವರನ್ನು ಬದಿಗೆ ಸರಿಸಿದರು. 2005ರಲ್ಲಿ ಸಾಯುವವರೆಗೂ ಅವರು ಗೃಹಬಂಧನದಲ್ಲೇ ಇದ್ದರು. ಜೂನ್ 3ರ ರಾತ್ರಿ ಮತ್ತೆ ಸೇನೆ ಬಂದಾಗ ಅದು ನಿಲ್ಲಲಿಲ್ಲ. ಸತ್ತವರ ಸರಿಯಾದ ಲೆಕ್ಕವನ್ನು ಚೀನಾ ಸರ್ಕಾರ ಹೊರಗೆ ಬಿಟ್ಟೇ ಇಲ್ಲ. ನೂರಾರರಿಂದ ಸಾವಿರಾರರವರೆಗೆ ಅಂದಾಜುಗಳಿವೆ.

ಬೀಜಿಂಗಿನ ಜನರ ಧೈರ್ಯ ಲೈಪ್‌ಜಿಗ್ ಜನರಿಗಿಂತ ಒಂದು ತೂಕವೂ ಕಡಿಮೆಯಿರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಳವಳಿ ಸೋತಾಗ ಜನರಲ್ಲೇ ಏನೋ ಕೊರತೆಯಿತ್ತು ಅಂತ ತೀರ್ಪು ಕೊಡುವುದು ಸುಲಭ. ಬಹಳಷ್ಟು ಸಲ ಅದು ಅನ್ಯಾಯದ ತೀರ್ಪು. ಎರಡು ಕಡೆಯೂ ಒಬ್ಬ ಅಧಿಕಾರಿ ಹಿಂಜರಿದರು. ಪೂರ್ವ ಜರ್ಮನಿಯಲ್ಲಿ ಮೇಲಿನವರೇ ತಡವರಿಸುತ್ತಿದ್ದರು, ಬೆನ್ನಿಗಿದ್ದ ಮಾಸ್ಕೋ ಕೈಬಿಟ್ಟಿತ್ತು, ಹಾಗಾಗಿ ಒಂದು ಹಿಂಜರಿಕೆ ಎಲ್ಲರಿಗೂ ಹಬ್ಬಿತು. ಚೀನಾದಲ್ಲಿ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ ಮತ್ತು ಹಳೆಯ ಕ್ರಾಂತಿಕಾರಿ ಮುಖಂಡರು ಒಂದಾಗಿ ನಿಂತಿದ್ದರಿಂದ ಶೂ ಒಂಟಿಯಾದರು.

ಇದನ್ನೆಲ್ಲ ಸರ್ವಾಧಿಕಾರಿಗಳೂ ಓದಿಕೊಂಡಿರುತ್ತಾರೆ. ತಮ್ಮ ಸೈನಿಕ ಎದುರಿಗಿರುವ ಜನರಲ್ಲಿ ತನ್ನ ಅಕ್ಕನನ್ನೋ ತಮ್ಮನನ್ನೋ ಕಾಣಬಾರದು, ಅದು ಅವರ ಮೊದಲ ಕಾಳಜಿ. ಬಹ್ರೇನಿನ ಗುಟ್ಟು ಇದೇ. ಅಲ್ಲಿ ಪ್ರಜೆಗಳಲ್ಲಿ ಹೆಚ್ಚಿನವರು ಷಿಯಾಗಳು, ರಾಜಮನೆತನ ಸುನ್ನಿ. ಸೇನೆಗೂ ಪೊಲೀಸಿಗೂ ಷಿಯಾಗಳನ್ನು ಸೇರಿಸಿಕೊಳ್ಳುವುದು ಬಹಳ ಕಡಿಮೆ. ಪಾಕಿಸ್ತಾನ, ಜೋರ್ಡಾನ್, ಯೆಮನ್ ಮುಂತಾದ ಕಡೆಗಳಿಂದ ಕರೆತಂದವರು ಪಡೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಅಷ್ಟೂ ಸಾಲದು ಅನ್ನಿಸಿದಾಗ ಮಾರ್ಚ್ 14ರಂದು ಸೌದಿ ಅರೇಬಿಯಾದ ಸುಮಾರು 1,000 ಸೈನಿಕರು ಸಮುದ್ರ ಸೇತುವೆ ದಾಟಿ ಬಂದರು. ಜೊತೆಗೆ ಯುಎಇಯ 500ರಷ್ಟು ಪೊಲೀಸರು. ಜನ ಬಿಡಾರ ಹೂಡಿದ್ದ ಪರ್ಲ್ ವೃತ್ತದ ಸ್ಮಾರಕವನ್ನು ನಾಲ್ಕೇ ದಿನದಲ್ಲಿ ನೆಲಸಮ ಮಾಡಿದರು.

ಸಿರಿಯಾದಲ್ಲೂ ಇದೇ ಲೆಕ್ಕ. ದೇಶ ಆಳುತ್ತಿದ್ದ ಅಸಾದ್ ಮನೆತನ ಅಲಾವಿ ಅನ್ನುವ ಅಲ್ಪಸಂಖ್ಯಾತ ಸಮುದಾಯದ್ದು. ಸೇನೆಯ ಮುಖ್ಯ ತುಕಡಿಗಳು, ಗುಪ್ತಚರ ಇಲಾಖೆಗಳು, ಎಲ್ಲದರ ಆಯಕಟ್ಟಿನ ಜಾಗದಲ್ಲಿ ಅದೇ ಸಮುದಾಯದ ಅಧಿಕಾರಿಗಳಿದ್ದರು. ಅಸಾದ್ ಬಿದ್ದರೆ ನಮ್ಮ ಮನೆಮಂದಿಯೂ ಉಳಿಯುವುದಿಲ್ಲ ಅನ್ನುವ ಭಯ ಅವರಲ್ಲಿತ್ತು. ಅದು ಪೂರ್ತಿ ಸುಳ್ಳು ಭಯವೂ ಆಗಿರಲಿಲ್ಲ. 2011ರಲ್ಲಿ ಸಾವಿರಾರು ಸಾಮಾನ್ಯ ಸೈನಿಕರು ಸೇನೆ ಬಿಟ್ಟು ಹೋದರೂ ನಡುಗಂಬ ಮುರಿಯಲಿಲ್ಲ.

ಟುನೀಷಿಯಾದಲ್ಲಿ ಇದಕ್ಕೆ ತಿರುಗುಮುರುಗು. ಅಧ್ಯಕ್ಷ ಬೆನ್ ಅಲಿ ನಂಬಿದ್ದು ಪೊಲೀಸರನ್ನು. ಸೇನೆಯನ್ನು ಚಿಕ್ಕದಾಗಿ, ಬಡವಾಗಿ, ರಾಜಕೀಯದಿಂದ ದೂರವಾಗಿ ಇಟ್ಟಿದ್ದರು. 2010ರ ಡಿಸೆಂಬರ್ 17ರಂದು ಮೊಹಮದ್ ಬುವಜೀಜಿ ಅನ್ನುವ ತಳ್ಳುಗಾಡಿ ವ್ಯಾಪಾರಿ ಮೈಗೆ ಬೆಂಕಿ ಹಚ್ಚಿಕೊಂಡರು. ಅಲ್ಲಿಂದ ಎದ್ದ ಅಲೆಯನ್ನು ತಡೆಯುವುದು ಪೊಲೀಸರ ಕೈಲಾಗಲಿಲ್ಲ. ಸೇನೆಗೆ ಬೆನ್ ಅಲಿಗಾಗಿ ಜನರನ್ನು ಕೊಲ್ಲುವ ಯಾವ ದರ್ದೂ ಇರಲಿಲ್ಲ. ಅವರು ಹೋದರೆ ಸೇನೆ ಕಳೆದುಕೊಳ್ಳುವುದೂ ಏನಿರಲಿಲ್ಲ. ಜನವರಿ 14ಕ್ಕೆ ಬೆನ್ ಅಲಿ ಸೌದಿ ಅರೇಬಿಯಾಕ್ಕೆ ವಿಮಾನ ಹತ್ತಿದರು.

ಸಮುದಾಯದ ಋಣಕ್ಕಿಂತ ಗಟ್ಟಿಯಾದದ್ದು ಕೆಲವೊಮ್ಮೆ ದುಡ್ಡಿನ ಋಣ. ಮ್ಯಾನ್ಮಾರಿನ ಸೇನೆ ಬರೀ ಸೇನೆಯಲ್ಲ, ದೇಶದ ಅತಿ ದೊಡ್ಡ ಉದ್ಯಮಗಳಲ್ಲಿ ಒಂದು. ರತ್ನದ ಗಣಿ, ಬ್ಯಾಂಕು, ಬಿಯರ್, ಸಿಗರೇಟು, ಎಲ್ಲದರಲ್ಲೂ ಅದರ ಕಂಪನಿಗಳಿವೆ. ಸೇನಾ ತುಕಡಿಗಳು, ನಿವೃತ್ತ ಅಧಿಕಾರಿಗಳು ಆ ಕಂಪನಿಗಳಲ್ಲಿ ಷೇರುದಾರರು. ಸೈನಿಕರ ಹೆಂಡತಿ ಮಕ್ಕಳು ಇರುವುದು ದಂಡುಪ್ರದೇಶದೊಳಗಿನ ವಸತಿಯಲ್ಲಿ. ಆಸ್ಪತ್ರೆ ಅಲ್ಲೇ, ಸುದ್ದಿ ಕೇಳುವುದು ಅಲ್ಲೇ, ಒಡನಾಟವೆಲ್ಲ ಅಲ್ಲೇ. 2021ರ ಫೆಬ್ರುವರಿ 1ರಂದು ಸೇನೆ ನಡೆಸಿದ ಕ್ಷಿಪ್ರಕ್ರಾಂತಿಯ ನಂತರ ವೈದ್ಯರು, ಶಿಕ್ಷಕರು, ರೈಲ್ವೆ ನೌಕರರು ಲಕ್ಷಗಟ್ಟಲೆ ಕೆಲಸ ಬಿಟ್ಟು ಬೀದಿಗೆ ಬಂದರು. ಹೊರಗಿನಿಂದ ನೋಡಿದವರಿಗೆ ಇಡೀ ದೇಶ ಒಂದು ಕಡೆ, ಸೇನೆ ಒಂದು ಕಡೆ ಅನ್ನಿಸಿತು. ಅದು ನಿಜವೂ ಹೌದು. ಆದರೆ ಸೈನಿಕನೊಬ್ಬ ಸೇನೆ ಬಿಡಬೇಕಾದರೆ ತಾನೊಬ್ಬನೇ ಬಿಟ್ಟರೆ ಆಗುವುದಿಲ್ಲ. ವಸತಿಯೊಳಗಿನ ಹೆಂಡತಿ ಮಕ್ಕಳನ್ನೂ ಹೇಗಾದರೂ ಹೊರಗೆ ತರಬೇಕು. ಅಂಥದ್ದರಲ್ಲೂ ಸಾವಿರಾರು ಜನ ಬಿಟ್ಟು ಬಂದರು. ಸೇನೆ ಒಡೆಯುವುದಕ್ಕೆ ಅಷ್ಟು ಸಾಲಲಿಲ್ಲ.

ವೆನೆಜುವೆಲಾದಲ್ಲಿ ಆಗಿನ ಅಧ್ಯಕ್ಷ ಮಡೂರೊ ಹಿಡಿದದ್ದೂ ಇದೇ ದಾರಿ. ಆಹಾರ ಹಂಚಿಕೆಯನ್ನು ಸೇನಾಧಿಕಾರಿಗಳ ಕೈಗೆ ಕೊಟ್ಟರು. 2017ರಲ್ಲಿ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರಾಗಿ ನ್ಯಾಷನಲ್ ಗಾರ್ಡಿನ ಒಬ್ಬ ಜನರಲ್‌ರನ್ನು ಕೂರಿಸಿದರು. ದೇಶ ಹಸಿದು ಕೂತರೂ ಮೇಲಿನ ಅಧಿಕಾರಿಗಳಿಗೆ ಪಾಲು ತಪ್ಪಲಿಲ್ಲ.

ಈಗ ನೀವು ಕೇಳಿದ ಇರಾನಿಗೆ ಬರೋಣ. ಅಲ್ಲಿ ಒಂದು ಸರ್ಕಾರ ಬೀದಿಯ ಹೊಡೆತಕ್ಕೆ ಬಿದ್ದಿದೆ, ಅದರ ಜಾಗಕ್ಕೆ ಬಂದದ್ದು ಹಲವು ಅಲೆಗಳನ್ನು ದಾಟಿದೆ. 1978ರ ಸೆಪ್ಟೆಂಬರ್ 8ರಂದು ಟೆಹರಾನಿನ ಜಾಲೆ ಚೌಕದಲ್ಲಿ ದೊರೆ ಶಾ ಅವರ ಸೇನೆ ಗುಂಡು ಹಾರಿಸಿತು. ಜನ ಹೆದರಿ ಮನೆ ಸೇರಲಿಲ್ಲ. ಆದರೆ ಶಾ ಅವರ ಬೆನ್ನು ಮುರಿದದ್ದು ಮೆರವಣಿಗೆಗಿಂತ ಜಾಸ್ತಿ ತೈಲ ಕಾರ್ಮಿಕರ ಮುಷ್ಕರ. ದಿನಕ್ಕೆ ಸುಮಾರು 60 ಲಕ್ಷ ಬ್ಯಾರೆಲ್ ಇದ್ದ ಉತ್ಪಾದನೆ ಕೆಲವೇ ವಾರಗಳಲ್ಲಿ 15 ಲಕ್ಷದ ಆಸುಪಾಸಿಗೆ ಇಳಿಯಿತು. ಖಜಾನೆ ಬತ್ತಿತು. ಕಡ್ಡಾಯ ಸೇವೆಗೆ ಬಂದಿದ್ದ ಹುಡುಗರು ಸೇನೆ ಬಿಟ್ಟು ಮನೆಗೆ ಹೋಗತೊಡಗಿದರು. 1979ರ ಫೆಬ್ರುವರಿ 11ರಂದು ಸೇನಾ ಮುಖ್ಯಸ್ಥರು ತಾವು ತಟಸ್ಥ ಅಂತ ಸಾರಿದರು. ಅಲ್ಲಿಗೆ ಕತೆ ಮುಗಿಯಿತು.

ಹೀಗೆ ಅಧಿಕಾರಕ್ಕೆ ಬಂದವರಿಗೆ ಸರ್ಕಾರ ಹೇಗೆ ಬೀಳುತ್ತದೆ ಅನ್ನುವುದು ಕಣ್ಣಾರೆ ಕಂಡ ವಿಷಯ. ಹಾಗಾಗಿ ಶಾ ಅವರ ಹಳೆಯ ಸೇನೆಯನ್ನೇ ನಂಬಿ ಕೂರದೆ, ಕೆಲವೇ ತಿಂಗಳಲ್ಲಿ ರೆವಲ್ಯೂಷನರಿ ಗಾರ್ಡ್ ಕಟ್ಟಿದರು. ಅದರ ಕೆಳಗೆ ಬಸೀಜ್ ಅನ್ನುವ ಸ್ವಯಂಸೇವಕ ಪಡೆ. ಬೀದಿ ಬೀದಿಯಲ್ಲಿ, ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ಅದರ ಘಟಕಗಳಿವೆ. ಗಾರ್ಡ್‌ಗೆ ತನ್ನದೇ ಕಟ್ಟಡ ಕಂಪನಿಗಳು, ಗುತ್ತಿಗೆಗಳು, ಬಂದರು ವ್ಯವಹಾರ. 2009, 2019, 2022 – ಮೂರು ಸಲವೂ ಜನರನ್ನು ಎದುರಿಸಿದ್ದು ಮುಖ್ಯವಾಗಿ ಈ ಪಡೆಗಳು ಮತ್ತು ಪೊಲೀಸರು. 2019ರ ನವೆಂಬರಿನಲ್ಲಿ ಇಡೀ ದೇಶದ ಇಂಟರ್ನೆಟ್ಟನ್ನು ಸುಮಾರು ಒಂದು ವಾರ ನಿಲ್ಲಿಸಿ, ನೂರಾರು ಜನರನ್ನು ಕೊಂದರು. 2022ರಲ್ಲಿ ಮಾಹ್ಸಾ ಅಮೀನಿ ಪೊಲೀಸರ ವಶದಲ್ಲಿ ಸತ್ತ ನಂತರದ ಚಳವಳಿಯಲ್ಲಿ ಹುಡುಗಿಯರು ತೋರಿದ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ 1978ರ ಹಾಗೆ ತೈಲ ನಿಲ್ಲಲಿಲ್ಲ. ಗುತ್ತಿಗೆ ಕಾರ್ಮಿಕರ ಕೆಲವು ಮುಷ್ಕರ ನಡೆದವು, ಹಬ್ಬಲಿಲ್ಲ. ಗಾರ್ಡ್ ಒಡೆಯಲಿಲ್ಲ.

ಕ್ರಾಂತಿಯಿಂದಲೋ ದೀರ್ಘ ಯುದ್ಧದಿಂದಲೋ ಹುಟ್ಟಿದ ಸರ್ಕಾರಗಳು ಇಷ್ಟು ಬಾಳಿಕೆ ಬರುವುದಕ್ಕೆ ಇದೇ ಕಾರಣ. ಚೀನಾ, ವಿಯೆಟ್ನಾಂ, ಕ್ಯೂಬಾ, ಇರಾನ್, ಎಲ್ಲ ಕಡೆಯೂ ಸೇನೆ ಹುಟ್ಟಿದ್ದೇ ಆ ಹೋರಾಟದಲ್ಲಿ, ಅಥವಾ ಹೋರಾಟ ಗೆದ್ದವರ ಕೈಯಲ್ಲಿ. ಪಕ್ಷ ಬೇರೆ, ಸೇನೆ ಬೇರೆ ಅನ್ನುವ ಗೆರೆಯೇ ಅಲ್ಲಿ ತೆಳುವು.

ಬೆಲಾರೂಸಿನ ಕತೆಯಲ್ಲೂ ಮುಷ್ಕರದ್ದೇ ತಿರುವು. 2020ರ ಆಗಸ್ಟ್ 9ರ ಚುನಾವಣೆಯಲ್ಲಿ ತನಗೆ ಶೇ. 80 ಮತ ಬಂತು ಅಂತ ಲುಕಶೆಂಕೊ ಘೋಷಿಸಿಕೊಂಡರು. 17ರಂದು ಮಿನ್ಸ್ಕ್‌ನ ಒಂದು ದೊಡ್ಡ ಟ್ರಕ್ ಕಾರ್ಖಾನೆಗೆ ಹೆಲಿಕಾಪ್ಟರಿನಲ್ಲಿ ಬಂದಿಳಿದರು. ಕಾರ್ಮಿಕರು ತಮ್ಮವರು ಅಂತಲೇ ನಂಬಿದ್ದರು. ಅವರು ಮಾತಾಡುತ್ತಿದ್ದಾಗಲೇ ಕಾರ್ಮಿಕರು "ಹೋಗು, ಹೋಗು" ಅಂತ ಕೂಗಿದರು. ಆ ವಾರ ಸರ್ಕಾರ ನಿಜಕ್ಕೂ ಅಲ್ಲಾಡಿತು ಅಂತ ನನಗೆ ಅನ್ನಿಸುತ್ತದೆ. ಆದರೆ ಅಲ್ಲಿನ ದೊಡ್ಡ ಕಾರ್ಖಾನೆಗಳೆಲ್ಲ ಸರ್ಕಾರದವು. ಕಾರ್ಮಿಕರಲ್ಲಿ ಹೆಚ್ಚಿನವರು ಅಲ್ಪಾವಧಿ ಕರಾರಿನ ಮೇಲೆ ಇದ್ದವರು. ಮುಂದಿನ ಸಲ ಕರಾರು ನವೀಕರಿಸದಿದ್ದರೆ ಕೆಲಸ ಹೋಯಿತು. ಮುಷ್ಕರದ ಮುಂದಾಳುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದರು, ಕೆಲಸದಿಂದ ತೆಗೆದರು. ಸರ್ಕಾರಿ ಟಿವಿಯ ನೌಕರರು ಕೆಲಸ ಬಿಟ್ಟಾಗ ಅವರ ಜಾಗಕ್ಕೆ ರಷ್ಯಾದಿಂದ ಜನ ಬಂದರು. ಬೇಕಾದರೆ ಕಳಿಸಲು ಪೊಲೀಸ್ ಪಡೆ ಸಿದ್ಧವಿದೆ ಅಂತ ಪುಟಿನ್ ಆಗಸ್ಟ್ ಕೊನೆಗೆ ಬಹಿರಂಗವಾಗಿ ಹೇಳಿದರು. ಸೆಪ್ಟೆಂಬರಿನಲ್ಲಿ 150 ಕೋಟಿ ಡಾಲರ್ ಸಾಲವನ್ನೂ ಒಪ್ಪಿಕೊಂಡರು. ಅಕ್ಟೋಬರ್ 26ಕ್ಕೆ ವಿರೋಧ ಪಾಳಯದ ಅಭ್ಯರ್ಥಿ ಸ್ವೆಟ್ಲಾನಾ ತಿಖನೋವ್‌ಸ್ಕಾಯಾ ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಡುವ ಹೊತ್ತಿಗೆ ಕಾಲ ಮಿಂಚಿತ್ತು.

ಅಲ್ಲಿನ ಗಲಭೆ ನಿಗ್ರಹ ಪಡೆಯವರು ಮುಖ ಮುಚ್ಚುವ ಕಪ್ಪು ಮುಸುಕು ಹಾಕಿಕೊಂಡು ಬರುತ್ತಿದ್ದರು. ಪ್ರತಿಭಟನೆಗೆ ಬಂದ ಹೆಂಗಸರು ಆ ಮುಸುಕನ್ನೇ ಕಿತ್ತೆಳೆಯುತ್ತಿದ್ದರು. ಮುಸುಕು ಹೋದರೆ ಇವನು ಪಕ್ಕದ ಮನೆಯವನು, ಇಂಥವರ ಮಗ ಅಂತ ಗುರುತು ಸಿಗುತ್ತದೆ. ಗುರುತು ಸಿಕ್ಕವನಿಗೆ ಲಾಠಿ ಬೀಸುವುದು ಕಷ್ಟ. ಬೀಜಿಂಗಿನಲ್ಲಿ ಮೇ ತಿಂಗಳ ಜನ ಲಾರಿ ತಡೆದು ಸೈನಿಕರನ್ನು ಮಾತಾಡಿಸಿದ್ದೂ ಇದಕ್ಕೇ.

ಇನ್ನೊಂದು ದಾರಿಯನ್ನು ನಾವು ಮರೆತುಬಿಡುತ್ತೇವೆ. ಗಡಿ. ಸಿಟ್ಟಿಗೆದ್ದವರು ದೇಶ ಬಿಟ್ಟು ಹೋದರೆ ಸರ್ಕಾರಕ್ಕೆ ಅಷ್ಟು ನಿರಾಳ. ಕ್ಯೂಬಾ ಇದನ್ನು ಬೇಕೆಂದೇ ಬಳಸಿದೆ. 1980ರಲ್ಲಿ ಮರಿಯೆಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ಹೊರಟುಹೋದರು. 1994ರ ಆಗಸ್ಟಿನಲ್ಲಿ ಹವಾನಾದಲ್ಲಿ ಗಲಾಟೆಯಾದ ಮೇಲೆ ತೆಪ್ಪಗಳನ್ನು ತಡೆಯಬೇಡಿ ಅಂತ ಕ್ಯಾಸ್ಟ್ರೊ ಹೇಳಿದರು, 30 ಸಾವಿರಕ್ಕೂ ಹೆಚ್ಚು ಜನ ಸಮುದ್ರಕ್ಕೆ ಇಳಿದರು. 2021ರ ಜುಲೈ 11ರ ಪ್ರತಿಭಟನೆಯ ನಂತರವೂ ಆದದ್ದು ಇದೇ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಹಾಗಂತ ಒಂದು ಅಲೆ ದಾಟಿದ ಸರ್ಕಾರ ಗಟ್ಟಿಯಾಗಿದೆ ಅಂತ ತಿಳಿಯಬಾರದು. ಅಸಾದ್ ಉಳಿದದ್ದು ರಷ್ಯಾದ ವಿಮಾನಗಳಿಂದ, ಇರಾನಿನ ದುಡ್ಡಿನಿಂದ, ಲೆಬನಾನಿನ ಹಿಜ್ಬುಲ್ಲಾ ಹೋರಾಟಗಾರರಿಂದ. 2024ರ ಹೊತ್ತಿಗೆ ರಷ್ಯಾ ಉಕ್ರೇನಿನಲ್ಲಿ ಸಿಕ್ಕಿಕೊಂಡಿತ್ತು, ಹಿಜ್ಬುಲ್ಲಾ ಇಸ್ರೇಲಿನ ಏಟಿಗೆ ನಲುಗಿತ್ತು. ಸಿರಿಯಾದ ಸೈನಿಕನ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. ನವೆಂಬರ್ 27ರಂದು ಬಂಡುಕೋರರ ದಾಳಿ ಶುರು. ಡಿಸೆಂಬರ್ 4ರಂದು ಅಸಾದ್ ಸೈನಿಕರ ಸಂಬಳವನ್ನು ಶೇ. 50 ಏರಿಸುವ ಆದೇಶ ಹೊರಡಿಸಿದರು. ನಾಲ್ಕು ದಿನದ ಮೇಲೆ, 8ರಂದು, ದೇಶ ಬಿಟ್ಟರು. ಸೈನಿಕರು ಸಮವಸ್ತ್ರ ಕಳಚಿ ರಸ್ತೆ ಬದಿಯಲ್ಲಿ ಎಸೆದು ಹೋಗಿದ್ದರು.

ಕಾವಲಿಗೆ ಇಟ್ಟ ಪಡೆಯೇ ತಿರುಗಿ ಬೀಳುವುದೂ ಉಂಟು. ಸುಡಾನಿನ ಅಧ್ಯಕ್ಷ ಬಷೀರ್ ತಮ್ಮ ಸೇನೆಯನ್ನು ನಂಬದೆ ಆರ್‌ಎಸ್‌ಎಫ್ ಅನ್ನುವ ಇನ್ನೊಂದು ಪಡೆ ಸಾಕಿದರು. 2019ರ ಏಪ್ರಿಲ್ 11ರಂದು ಸೇನೆಯೂ ಆರ್‌ಎಸ್‌ಎಫ್ ಕೂಡ ಸೇರಿ ಅವರನ್ನು ಇಳಿಸಿದರು. ಜೂನ್ 3ರಂದು ಅದೇ ಪಡೆಗಳು ಪ್ರತಿಭಟನಾಕಾರರ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಕೊಂದವು. 2023ರಲ್ಲಿ ಆ ಎರಡು ಪಡೆಗಳು ಒಂದರ ಮೇಲೊಂದು ಯುದ್ಧಕ್ಕೆ ಇಳಿದವು. ಆಳುವವನು ಹೋಗಿ ಆಳ್ವಿಕೆ ಉಳಿಯುವ ಇಂಥ ಉದಾಹರಣೆಗಳಲ್ಲಿ ಈಜಿಪ್ಟೂ ಒಂದು. 2011ರಲ್ಲಿ ಅಧ್ಯಕ್ಷ ಮುಬಾರಕ್‌ರನ್ನು ಬಿಟ್ಟುಕೊಟ್ಟ ಸೇನೆ 2013ರಲ್ಲಿ ತಾನೇ ಬಂದು ಕೂತಿತು.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ, ಪ್ರಯೋಜನ ಇದೆಯಾ ಅಂತ. ಇದೆ. ಸರ್ಕಾರ ಬೀಳದಿದ್ದರೂ ಬಗ್ಗುವುದುಂಟು. 2022ರ ನವೆಂಬರಿನಲ್ಲಿ ಚೀನಾದ ಹಲವು ನಗರಗಳಲ್ಲಿ ಯುವಕರು ಖಾಲಿ ಬಿಳಿ ಹಾಳೆ ಹಿಡಿದು ನಿಂತರು. ಡಿಸೆಂಬರ್ 7ಕ್ಕೆ ಕೋವಿಡ್ ನಿರ್ಬಂಧಗಳು ಸಡಿಲವಾದವು. ಬೇರೆ ಕಾರಣಗಳೂ ಇದ್ದವು, ಆದರೆ ಆ ಹಾಳೆಗಳ ಪಾಲು ಇಲ್ಲ ಅನ್ನಲಾಗದು. ಟೆಹರಾನಿನಲ್ಲಿ 2022ರ ನಂತರ ತಲೆವಸ್ತ್ರವಿಲ್ಲದೆ ಓಡಾಡುವ ಹೆಂಗಸರ ಸಂಖ್ಯೆ ಎಷ್ಟು ಹೆಚ್ಚಿತೆಂದರೆ, ಸಂಸತ್ತು ಒಪ್ಪಿದ ಕಠಿಣ ಹಿಜಾಬ್ ಕಾನೂನನ್ನು 2024ರ ಡಿಸೆಂಬರಿನಲ್ಲಿ ಜಾರಿಗೆ ತರದೆ ತಡೆಹಿಡಿದರು.

ಮುಂದೆ ಎಲ್ಲಾದರೂ ಇಂಥ ಅಲೆ ಎದ್ದಾಗ ಡ್ರೋನ್ ತೆಗೆದ ಜನಸಾಗರದ ಚಿತ್ರಗಳ ಜೊತೆಗೆ ಒಳಪುಟದ ಸಣ್ಣ ಸುದ್ದಿಗಳನ್ನೂ ಓದಿ. ಯಾವ ಕಾರ್ಖಾನೆ, ಯಾವ ಬಂದರು ನಿಂತಿದೆ? ಪೊಲೀಸರನ್ನು ಬೇರೆ ಪ್ರಾಂತ್ಯದಿಂದ ಕರೆಸುತ್ತಿದ್ದಾರಾ? ಹಾಗಿದ್ದರೆ ಇದ್ದವರ ಮೇಲೆ ನಂಬಿಕೆ ಹೋಗಿದೆ ಅಂತ ಅರ್ಥ. ಸೇನಾ ಮುಖ್ಯಸ್ಥರ ಹೇಳಿಕೆಯಲ್ಲಿ ಅಧ್ಯಕ್ಷರ ಹೆಸರಿದೆಯಾ, ಬರೀ 'ದೇಶ', 'ಜನ' ಅಂತಿದೆಯಾ? ಬಾಂಗ್ಲಾದೇಶದಲ್ಲಿ 2024ರ ಆಗಸ್ಟ್ 4ರ ರಾತ್ರಿ, ಕರ್ಫ್ಯೂ ಜಾರಿಗೆ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂತ ಸೇನಾಧಿಕಾರಿಗಳು ತಮ್ಮೊಳಗೆ ತೀರ್ಮಾನಿಸಿದರು. ಶೇಖ್ ಹಸೀನಾ ಮಾರನೇ ದಿನವೇ ದೇಶ ಬಿಟ್ಟರು.